ಸಿರಪ್ ಕೇಳಬೇಡಿ, ಗಡಿಯಾರ ನೋಡಿ

ಪುಟ್ಟ ಮಕ್ಕಳ ನಿದ್ರೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: "ಡಾಕ್ಟ್ರೇ, ಏನಾದರೂ ಸಿರಪ್ ಹೇಳಿ." ಹಾಗಾಗಿ ಒಂದಕ್ಕೆ ಉದ್ದದ ಉತ್ತರ ಕೊಡುತ್ತೇನೆ. ಉಳಿದವರು ಅದನ್ನೇ ಓದಿಕೊಳ್ಳಿ.

ಮಗನಿಗೆ ನಾಲ್ಕು ವರ್ಷ. ಅಂಗನವಾಡಿಯಲ್ಲಿ ಊಟವಾದ ಮೇಲೆ ಒಂದೂವರೆಯಿಂದ ಮೂರರವರೆಗೆ ಮಲಗುತ್ತಾನೆ. ಮನೆಗೆ ಬಂದು ಚಾ ಕುಡಿದು, ಅಜ್ಜಿಯ ಹತ್ತಿರ ನಾಲ್ಕೂವರೆಯಿಂದ ಆರರವರೆಗೆ ಮತ್ತೆ ನಿದ್ರೆ. ಅವನ ಅಪ್ಪ ದುಬೈಯಲ್ಲಿದ್ದಾರೆ, ರಾತ್ರಿ ಹತ್ತಕ್ಕೆ ವಿಡಿಯೋ ಕಾಲ್. ಹನ್ನೊಂದಾದರೂ ಮಲಗುವುದಿಲ್ಲ. ಬೆಳಗ್ಗೆ ಏಳಕ್ಕೆ ಎಬ್ಬಿಸಿದರೆ ಅಳು. ನಿದ್ರೆಗೆ ಶೀತದ ಸಿರಪ್ ಕೊಡಬಹುದಾ? — ಬದಿಯಡ್ಕದ ಓದುಗರು

ಕೊಡಬಾರದು. ಶೀತದ ಸಿರಪ್ಪಿನಲ್ಲಿ ಬರುವ ಮಂಪರು ಔಷಧದ ಅಡ್ಡಪರಿಣಾಮ, ನಿದ್ರೆಯಲ್ಲ. ಪ್ರಮಾಣ ಹೆಚ್ಚಾದರೆ ಉಸಿರಾಟಕ್ಕೇ ತೊಂದರೆ. ಕೆಲವು ಮಕ್ಕಳು ಅದನ್ನು ಕುಡಿದು ಮಲಗುವ ಬದಲು ಕುಣಿಯುತ್ತಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎಂಬ ಎರಡು ಶೀತದ ಔಷಧ ಬೆರೆಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಮುದ್ರಿಸಲು 2023ರಲ್ಲಿ ಕೇಂದ್ರದ ಆದೇಶ ಬಂತು. "ನಮ್ಮವನಿಗೆ ನಾಲ್ಕು ತುಂಬಿತಲ್ಲ" ಎನ್ನಬೇಡಿ. ಶೀತವೇ ಇಲ್ಲದ ಮಗುವಿಗೆ ಯಾಕೆ ಅದು?

ಈಗ ನೀವೇ ಬರೆದದ್ದನ್ನು ಕೂಡಿಸಿ ನೋಡಿ. ರಾತ್ರಿ ಎಂಟು ಗಂಟೆ, ಅಂಗನವಾಡಿಯಲ್ಲಿ ಒಂದೂವರೆ, ಅಜ್ಜಿಯ ಹತ್ತಿರ ಒಂದೂವರೆ. ಒಟ್ಟು 11 ಗಂಟೆ. ಮೂರರಿಂದ ಐದು ವರ್ಷದವರಿಗೆ ಹಗಲಿನದ್ದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ರೆ ಬೇಕು. ನಿಮ್ಮ ಮಗನಿಗೆ ನಿದ್ರೆ ಕಮ್ಮಿಯೇ ಆಗಿಲ್ಲ! ಅದು ಬೀಳಬಾರದ ಹೊತ್ತಿಗೆ ಬೀಳುತ್ತಿದೆ, ಅಷ್ಟೇ. ಎದ್ದಿರುವಷ್ಟು ಹೊತ್ತೂ ಮಿದುಳಿನಲ್ಲಿ ನಿದ್ರೆಯ ಒತ್ತಡ ಏರುತ್ತಾ ಹೋಗುತ್ತದೆ, ಮಲಗಿದ ಕೂಡಲೇ ಇಳಿಯುತ್ತದೆ. ಸಂಜೆ ಆರಕ್ಕೆ ಎದ್ದವನಿಗೆ ಒಂಬತ್ತಕ್ಕೆ ನಿದ್ರೆ ಎಲ್ಲಿಂದ ಬರಬೇಕು?

ಮೊದಲು ನಿಲ್ಲಬೇಕಾದ್ದು ಸಂಜೆಯ ನಿದ್ರೆ. ಅಜ್ಜಿಗೆ ಬೇಸರವಾಗುತ್ತದೆ, ಆಗಲಿ. ನಾಲ್ಕೂವರೆಗೆ ಅಂಗಳಕ್ಕೆ ಕಳಿಸಿ, ತೋಟಕ್ಕೆ ಕರೆದುಕೊಂಡು ಹೋಗಿ. ಮಳೆ ಇದ್ದರೆ ಸ್ನಾನ ಮಾಡಿಸಿ. ತೀರಾ ತೂಗಿ ಬೀಳುತ್ತಿದ್ದರೆ ಬೇಗ ಊಟ ಹಾಕಿ ಏಳೂವರೆಗೇ ರಾತ್ರಿಯ ನಿದ್ರೆಗೆ ಮಲಗಿಸಿ. ಮೊದಲ ವಾರ ರಗಳೆ ಇದ್ದದ್ದೇ. ಅಂಗನವಾಡಿಯ ಟೀಚರ್ ಜೊತೆ ಜಗಳ ಬೇಡ. ಎರಡೂವರೆಗೆ ಎಬ್ಬಿಸಲು ಸಾಧ್ಯವೇ ಎಂದು ಕೇಳಿ, ಸಾಕು. ಆ ನಿದ್ರೆ ತಾನಾಗಿಯೇ ಬಿಡುತ್ತದೆ. ಐದು ವರ್ಷದ ಹೊತ್ತಿಗೆ ಹೆಚ್ಚಿನವರು ಹಗಲು ಮಲಗುವುದಿಲ್ಲ.

ನಾಲ್ಕು ವರ್ಷದವನಿಗೆ ಚಾ ಯಾಕೆ? ನಿಲ್ಲಿಸಿ.

ಇನ್ನು ವಿಡಿಯೋ ಕಾಲ್. ಇದನ್ನು ಹೇಳಿದರೆ ಎಲ್ಲರಿಗೂ ನೋವಾಗುತ್ತದೆ, ಗೊತ್ತು. ಆದರೆ ಹತ್ತು ಗಂಟೆಗೆ ಅಪ್ಪನ ಮುಖ ನೋಡಿ, ನಗಾಡಿ, ಹಾರಾಡಿದ ಮಗು ಹತ್ತೂಕಾಲಕ್ಕೆ ಮಲಗುತ್ತದೆಯೇ? ಕಣ್ಣೆದುರಿನ ಬೆಳಕು ಬೇರೆ. ರಾತ್ರಿಯ ಬೆಳಕಿಗೆ ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಇಳಿಯುವುದು ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಏಳೂವರೆಯಾದಾಗ ಅಲ್ಲಿ ಬೆಳಗ್ಗೆ ಆರು. ಅವರು ಕೆಲಸಕ್ಕೆ ಹೊರಡುವ ಮೊದಲು, ಇವನು ದೋಸೆ ತಿನ್ನುವಾಗ ಮಾತಾಡಲಿ. ಎಬ್ಬಿಸುವಾಗಿನ ಅಳುವೂ ಕಮ್ಮಿಯಾದೀತು. ರಾತ್ರಿಯ ಕಾಲ್ ನಿಮಗಿಬ್ಬರಿಗೇ ಇರಲಿ, ಮಗು ಮಲಗಿದ ಮೇಲೆ.

ಮಲಗುವ ಹೊತ್ತನ್ನು ಒಮ್ಮೆಲೇ ಒಂಬತ್ತಕ್ಕೆ ಎಳೆಯಬೇಡಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಹಲ್ಲುಜ್ಜುವುದು, ಒಂದು ಕಥೆ, ದೀಪ ಆರಿಸುವುದು, ದಿನಾ ಇದೇ ಕ್ರಮ. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಬಾರದು.

ಜಾಯಿಕಾಯಿ ತೇಯ್ದು ಹಾಲಿನಲ್ಲಿ ಕೊಡಬಹುದಾ? — ಪೆರ್ಲ

ಬೇಡ. ಜಾಸ್ತಿಯಾದರೆ ಅದು ವಿಷ, ಮತ್ತು ನಿಮ್ಮ ಕೈಯ ತೇಯುವಿಕೆಗೆ ಅಳತೆ ಇಲ್ಲ. ಬಜೆಯೂ ಬೇಡ.

ಮೂರು ವರ್ಷದ ಮಗಳು ಮಲಗಿ ಒಂದು ಗಂಟೆಗೆ ಕಿರುಚಿ ಏಳುತ್ತಾಳೆ, ನಮ್ಮ ಗುರುತೇ ಇರುವುದಿಲ್ಲ. ಬೆಳಗ್ಗೆ ಏನೂ ನೆನಪಿಲ್ಲ. ಜೋಯಿಸರು ನೂಲು ಕಟ್ಟಿದ್ದಾರೆ. — ಮುಳ್ಳೇರಿಯ

ನೂಲು ಕುತ್ತಿಗೆಯಲ್ಲಿದ್ದರೆ ಇವತ್ತೇ ಬಿಚ್ಚಿ. ನಿದ್ರೆಯಲ್ಲಿ ಬಿಗಿದುಕೊಳ್ಳಬಹುದು. ಯಾವ ಸೋಂಕೂ ಅಲ್ಲ, ದೆವ್ವವೂ ಅಲ್ಲ. ಗಾಢ ನಿದ್ರೆಯಿಂದ ಅರ್ಧಂಬರ್ಧ ಎಚ್ಚರವಾಗುವುದು. ಅಲುಗಾಡಿಸಿ ಎಬ್ಬಿಸಬೇಡಿ, ಬೀಳದ ಹಾಗೆ ಹತ್ತಿರ ಕೂತಿರಿ. ನಿದ್ರೆಗೆಟ್ಟಾಗ, ಜ್ವರ ಬಂದಾಗ ಜಾಸ್ತಿ. ಕೈಕಾಲು ಒಂದೇ ಸಮ ಅದುರಿದರೆ ಮಾತ್ರ ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ.

ಮಗ ಗೊರಕೆ ಹೊಡೆಯುತ್ತಾ ಚೆನ್ನಾಗಿ ಮಲಗುತ್ತಾನೆ. — ಕುಂಬಳೆ

ದಿನಾ ಗೊರಕೆಯಾದರೆ ಅದು ಚೆನ್ನಾಗಿ ಮಲಗುವುದಲ್ಲ. ಮೂಗಿನ ಹಿಂಬದಿಯ ಅಡಿನಾಯ್ಡ್ ಎಂಬ ಗ್ರಂಥಿ ಊದಿರಬಹುದು, ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ನಡುನಡುವೆ ಉಸಿರು ನಿಲ್ಲುತ್ತಿದ್ದರೆ ಈ ವಾರವೇ.

ಊರಿನ ಯಕ್ಷಗಾನ ಆಟಕ್ಕೆ ಮಗುವನ್ನು ಕರೆದುಕೊಂಡು ಹೋಗಬಹುದಾ? — ನೀರ್ಚಾಲು

ಹೋಗಿ. ಚೆಂಡೆಯ ಹತ್ತಿರ ಕೂರಿಸಬೇಡಿ. ಮರುದಿನ ಹತ್ತರವರೆಗೆ ಮಲಗಲು ಬಿಡಬೇಡಿ.