ಓದುಗರ ಪ್ರಶ್ನೆ: ಹರಿದ ಪಂಕ್ ಅಂಗಿಯನ್ನು ಹೊಲಿಸಬಹುದೇ?

ಪ್ರಶ್ನೆ: 1970ರ ದಶಕದ ಲಂಡನ್ ಪಂಕ್ (ಬಂಡಾಯದ ರಾಕ್ ಸಂಗೀತದ ಜೊತೆ ಬೆಳೆದ ಶೈಲಿ) ಉಡುಪುಗಳನ್ನು ಸಂಗ್ರಹಿಸುತ್ತಿದ್ದೇನೆ. ‘ಸೆಡಿಷನರೀಸ್’ ಲೇಬಲ್ ಇರುವ ಮಸ್ಲಿನ್ ಅಂಗಿ, ಮೊಹೇರ್ (ಅಂಗೋರಾ ಮೇಕೆಯ ಉಣ್ಣೆ) ಸ್ವೆಟರ್ ಮತ್ತು ರಬ್ಬರ್ ಸ್ಕರ್ಟ್ ನನ್ನಲ್ಲಿವೆ. ಪ್ರದರ್ಶನಕ್ಕೆ ಇಡುವ ಮೊದಲು ಹರಿದಲ್ಲಿ ಹೊಲಿಸಿ, ತುಕ್ಕು ಹಿಡಿದ ಪಿನ್ನುಗಳನ್ನು ಬದಲಿಸಬಹುದೇ? ಅಂಗಿ ಅಸಲಿಯೆಂದು ತಿಳಿಯುವುದು ಹೇಗೆ?

ಉತ್ತರ: ಸದ್ಯಕ್ಕೆ ಸೂಜಿ ಮುಟ್ಟಬೇಡಿ. ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಮತ್ತು ಅವರ ಸಂಗಾತಿ ಮಾಲ್ಕಮ್ ಮೆಕ್ಲಾರೆನ್ ಲಂಡನ್ನಿನ ಕಿಂಗ್ಸ್ ರಸ್ತೆಯ 430ನೇ ಸಂಖ್ಯೆಯ ಅಂಗಡಿಗೆ 1974ರಲ್ಲಿ ‘ಸೆಕ್ಸ್’ ಎಂದೂ 1976ರ ಕೊನೆಗೆ ‘ಸೆಡಿಷನರೀಸ್’ ಎಂದೂ ಹೆಸರಿಟ್ಟರು. ಅಲ್ಲಿ ಸಿದ್ಧವಾದ ಎಷ್ಟೋ ಉಡುಪುಗಳಲ್ಲಿ ಹರುಕು, ಪಿನ್ನು, ಹೊರಗೆ ಕಾಣುವ ಹೊಲಿಗೆ ಎಲ್ಲವೂ ವಿನ್ಯಾಸದ ಭಾಗವೇ ಆಗಿದ್ದವು. ಆದ್ದರಿಂದ ಯಾವ ಹರುಕು ತಯಾರಕರದು, ಯಾವುದು ತೊಟ್ಟವರದು, ಯಾವುದು ಕಾಲದ್ದು ಎಂಬುದನ್ನು ಮೊದಲು ಭೂತಗನ್ನಡಿ ಹಿಡಿದು ನೋಡಬೇಕು. ಕತ್ತರಿ ಆಡಿಸಿದ ಅಂಚಿನಲ್ಲಿ ಎಳೆಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಸವೆದು ಹರಿದಲ್ಲಿ ಬಟ್ಟೆ ತೆಳುವಾಗಿ, ಎಳೆಗಳು ಉದ್ದ ಗಿಡ್ಡವಾಗಿ ಜೋಲುತ್ತವೆ. ಪಿನ್ನು ಚುಚ್ಚಿದ ರಂಧ್ರಗಳ ಸುತ್ತ ತುಕ್ಕಿನ ಕಲೆ ಬಟ್ಟೆಗೆ ಇಳಿದಿದ್ದರೆ ಆ ಪಿನ್ನು ಅಲ್ಲಿ ಬಹುಕಾಲ ಇದ್ದಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ತೆಗೆದು ಹೊಳೆಯುವ ಹೊಸ ಪಿನ್ನು ಹಾಕಿದರೆ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ. ಅದರ ಬದಲು ಲೋಹಕ್ಕೂ ಬಟ್ಟೆಗೂ ನಡುವೆ ತೆಳುವಾದ ಪಾಲಿಯೆಸ್ಟರ್ ಹಾಳೆಯ ಚೂರನ್ನು ಸೇರಿಸಿಡಿ. ಭಾರಕ್ಕೆ ಹರುಕು ಬೆಳೆಯುತ್ತಿದ್ದರೆ ಮಾತ್ರ, ಬೇಕೆಂದಾಗ ಬಿಚ್ಚಬಹುದಾದಂತೆ ಹಿಂಬದಿಯಿಂದ ಸಣ್ಣ ಜಾಲರಿ ಬಟ್ಟೆಯ ಆಸರೆ ಕೊಡಲು ಜವಳಿ ಸಂರಕ್ಷಣೆ ಬಲ್ಲವರನ್ನು ಕೇಳಿ.

ಲೇಬಲ್ಲನ್ನು ನೆಚ್ಚಿಕೊಳ್ಳಬೇಡಿ. ಆ ಅಂಗಡಿಯ ಚಿತ್ರಗಳನ್ನು ಮುಂದೆ ಬೇರೆಯವರೂ ಅಚ್ಚು ಹಾಕಿದ್ದಾರೆ, ನಕಲುಗಳಿಗೂ ಕೊರತೆಯಿಲ್ಲ, ಲೇಬಲ್ ಹೊಲಿಯುವುದಂತೂ ಅತಿ ಸುಲಭದ ಕೆಲಸ. ಅಂಗಿಯನ್ನು ಮೊದಲು ಕೊಂಡವರು ಯಾರು, ಆ ಕಾಲದಲ್ಲಿ ಅವರು ಅದನ್ನು ತೊಟ್ಟ ಫೋಟೊ ಇದೆಯೇ ಎಂದು ವಿಚಾರಿಸಿ. ನನ್ನ ದೃಷ್ಟಿಯಲ್ಲಿ ಅಂಥ ಒಂದು ಮಸುಕು ಫೋಟೊ ಮಾರಾಟಗಾರರ ಪ್ರಮಾಣಪತ್ರಕ್ಕಿಂತ ಮೇಲು.

ಪ್ರದರ್ಶನದಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಿರಲಿ, ಕೆಲವು ತಿಂಗಳಿಗೊಮ್ಮೆ ಉಡುಪುಗಳು ಕತ್ತಲಿಗೆ ಮರಳಲಿ. ಸ್ವೆಟರನ್ನು ತೂಗುಹಾಕಿದರೆ ಅದು ತನ್ನ ಭಾರಕ್ಕೇ ಜಗ್ಗುವುದರಿಂದ ಮಲಗಿಸಿಯೇ ಇಡಿ. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಪಂಕ್ ಪ್ರದರ್ಶನಕ್ಕಾಗಿ ಅದೇ ಊರಿನ ಹೆಸರಾಂತ ಪಂಕ್ ಸಂಗೀತ ತಾಣ ಸಿಬಿಜಿಬಿ ಕ್ಲಬ್ಬಿನ ಶೌಚಾಲಯದ ಪ್ರತಿಕೃತಿಯನ್ನೇ ಕಟ್ಟಿಸಿತ್ತು. ಅಷ್ಟೆಲ್ಲ ಅಬ್ಬರ ನಿಮಗೆ ಬೇಡ. ಯಾವ ಪಿನ್ನು ಮೂಲದ್ದು, ಯಾವ ಹರುಕು ಆಮೇಲಿನದು ಎಂದು ವಿವರಣಾ ಫಲಕದಲ್ಲಿ ಬರೆದರೆ ನೋಡುಗರು ತಾವೇ ಬಗ್ಗಿ ನೋಡುತ್ತಾರೆ.

ರಬ್ಬರ್ ಸ್ಕರ್ಟಿನ ಆಯುಸ್ಸು ಮಾತ್ರ ಕಡಿಮೆ. ಬೆಳಕು, ಆಮ್ಲಜನಕ, ಓಜೋನ್ ಮೂರೂ ಅದನ್ನು ಕೆಡಿಸುತ್ತವೆ. ತಾಮ್ರ ಅಥವಾ ಹಿತ್ತಾಳೆ ತಗುಲಿದರೆ ಇನ್ನೂ ಬೇಗ ಕೆಡುತ್ತದೆ. ಹಿತ್ತಾಳೆಯ ಬಕಲ್‌ಗಳಿಂದ ದೂರವಾಗಿ, ತಂಪಾದ ಕತ್ತಲಲ್ಲಿ, ಮಡಿಕೆ ಬೀಳದಂತೆ ಇಡಿ. ಅದರ ಫೋಟೊಗಳನ್ನು ಈಗಲೇ, ಒಳಬದಿಯೂ ಸೇರಿದಂತೆ, ತೆಗೆಸಿಟ್ಟುಕೊಳ್ಳಿ.