ಪ್ರತಿ: ಕಂಸಾಳೆ ರೂಪಕದಲ್ಲಿ ಮಾತು ತಿಳಿಯುತ್ತಿಲ್ಲ

ನಿಮ್ಮ ಆಡಿಯೊ ರೂಪಕದಲ್ಲಿ ನಿರೂಪಣೆಯ ಕೆಳಗೆ ಹಾಡುಗಾರರ ದನಿಯೂ ಓಡುತ್ತಿದೆ. ಪ್ರೊಡ್ಯೂಸರ್ ಕೆಲಸದ ಅರ್ಜಿಗೆ ನೀವು ಕಳಿಸಿದ ಈ ಕಂಸಾಳೆ ರೂಪಕಕ್ಕೆ ‘ಮಾತು ತಿಳಿಯಲ್ಲ’ ಎಂಬ ಉತ್ತರ ಬಂದದ್ದು ಬಹುಶಃ ಅದಕ್ಕೇ. ಕಿವಿ ಒಂದೇ ಸಲ ಎರಡು ಮಾತು ಹಿಡಿಯುವುದಿಲ್ಲ. ಕಂಚಿನ ತಾಳದ ಚೂಪು ನಾದ ಸ, ಶ, ತ ಅಕ್ಷರಗಳನ್ನೂ ನುಂಗಿಬಿಡುತ್ತದೆ.

ಮೊದಲು ನಿರೂಪಣೆಯ ಕೆಳಗಿನ ಹಾಡನ್ನೆಲ್ಲ ತೆಗೆಯಿರಿ. ಹಾಡನ್ನು 15–20 ಸೆಕೆಂಡ್ ಹಾಗೇ ಕೇಳಿಸಿ, ಸಾಲು ಮುಗಿದ ಮೇಲೆ ಅದರ ಸದ್ದು ಇಳಿಸಿ, ಆಮೇಲೆ ಮಾತಾಡಿ. ಮಾದಪ್ಪನ (ಮಲೆ ಮಹದೇಶ್ವರನ) ಕಥೆ ಹಾಡುವವರನ್ನು ಅರ್ಧ ಸಾಲಿಗೆ ಕತ್ತರಿಸಬೇಡಿ. ಅದು ಅವರಿಗೂ ಅನ್ಯಾಯ ಅಲ್ವಾ? ಹಿನ್ನೆಲೆ ಬೇಕೇ ಬೇಕು ಅಂದರೆ ದಮ್ಮಡಿ ಎಂಬ ಚರ್ಮವಾದ್ಯದ ಬಡಿತ ಮಾತ್ರ ಇಡಿ, ಮಾತಿಗಿಂತ ಸುಮಾರು 18 ಡೆಸಿಬೆಲ್ ಕೆಳಗೆ. ಇನ್ನೂ ಜಾಸ್ತಿ ಅನ್ನಿಸಿದರೆ ಈಕ್ವಲೈಜರ್‌ನಲ್ಲಿ (ಸದ್ದಿನ ಬೇರೆ ಬೇರೆ ಸ್ವರಮಟ್ಟಗಳನ್ನು ಏರಿಸಿ ಇಳಿಸುವ ಸಾಧನ) ಆ ಟ್ರ್ಯಾಕಿನ 2–4 ಕಿಲೋಹರ್ಟ್ಸ್ ಭಾಗವನ್ನು ಸ್ವಲ್ಪ ತಗ್ಗಿಸಿ.

ಸಂದರ್ಶನದ ರೆಕಾರ್ಡಿಂಗಿನಲ್ಲೇ ತಾಳ ಸೇರಿದ್ದರೆ ಇದರಿಂದ ಪೂರ್ತಿ ಸರಿಹೋಗುವುದು ಕಷ್ಟ. ಆ ತುಣುಕನ್ನು ಮತ್ತೆ ರೆಕಾರ್ಡ್ ಮಾಡಿ. ಹೋದಾಗ ಯಾರೂ ಮಾತಾಡದೆ 1 ನಿಮಿಷ ಸುಮ್ನೆ ಆ ಜಾಗದ ಸದ್ದನ್ನೂ ಹಿಡಿದುಕೊಳ್ಳಿ, ಎಡಿಟ್ ಜೋಡಣೆಗೆ ಬೇಕಾಗುತ್ತದೆ.

ಕೊನೆಗೆ ಹೆಡ್‌ಫೋನ್ ತೆಗೆದು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ಮೊಬೈಲ್ ಸ್ಪೀಕರಿನಲ್ಲಿ ಕೇಳಿ. ಪ್ರತಿ ಮಾತೂ ತಿಳಿದರೆ ಮತ್ತೆ ಕಳಿಸಿ.