ಟೇಬಲ್ ಟೆನಿಸ್‌ನಲ್ಲಿ ಟಾಪ್‌ಸ್ಪಿನ್ ಬ್ಲಾಕ್ ಮಾಡುವಾಗ ಚೆಂಡು ಟೇಬಲ್ ದಾಟಿ ಹೊರಗೆ ಹೋಗುತ್ತಿದ್ದರೆ

ಬ್ಯಾಟಿನ ಮುಖ ಮೇಲಕ್ಕೆ ತೆರೆದಿರುವುದೇ ಕಾರಣ ಇರಬೇಕು. ಟಾಪ್‌ಸ್ಪಿನ್ ಬ್ಲಾಕ್ ಮಾಡಿದಾಗ, ಅಂದರೆ ಬ್ಯಾಟ್ ಅಡ್ಡ ಹಿಡಿದು ತಡೆದಾಗ ಮಾತ್ರ ಚೆಂಡು ಟೇಬಲ್ ದಾಟುತ್ತದೆ, ಉಳಿದ ಹೊಡೆತ ಸರಿ ಬರುತ್ತವೆ ಎಂದಿದ್ದೀರಿ. ಹಾಗಾದರೆ ತೊಂದರೆ ಬಲದ್ದಲ್ಲ, ಕೋನದ್ದು.

ಟಾಪ್‌ಸ್ಪಿನ್ ಚೆಂಡಿನ ಮೇಲ್ಭಾಗ ಮುಂದಕ್ಕೆ ಉರುಳುತ್ತಾ ಬರುತ್ತದೆ. ಹಿಂದೆ ಸರಿಯುವ ಗಾಳಿಯನ್ನು ಅದು ಮೇಲಕ್ಕೆ ತಿರುಗಿಸುವುದರಿಂದ ಚೆಂಡು ಕೆಳಕ್ಕೆ ಬಾಗುತ್ತದೆ. ತೂಕ ಬರೀ 2.7 ಗ್ರಾಂ, ಹಾಗಾಗಿ ಬಾಗು ಕಣ್ಣಿಗೇ ಕಾಣುತ್ತದೆ. ಟೇಬಲ್ ಮುಟ್ಟಿದ ಮೇಲೆ ಮುಂದಕ್ಕೆ ನುಗ್ಗುತ್ತದೆ. ಬ್ಯಾಟಿಗೆ ಅಂಟಿಸಿದ ರಬ್ಬರ್‌ಗೆ ತಾಗಿದ ಕೂಡಲೇ ಅದೇ ಸ್ಪಿನ್ ಚೆಂಡನ್ನು ಮೇಲಕ್ಕೆ ಹತ್ತಿಸುತ್ತದೆ.

ಮೊದಲು ಬ್ಯಾಟನ್ನು ಟೇಬಲ್ ಕಡೆಗೆ ಸ್ವಲ್ಪ ಬಗ್ಗಿಸಿ. ಚೆಂಡು ಪುಟಿದು ಮೇಲೇರುತ್ತಿರುವಾಗಲೇ ತಾಗಿಸಿ, ಕಾದಷ್ಟೂ ಕಷ್ಟ. ಹೊಡೆಯಬೇಡಿ, ಹಿಡಿತ ಸಡಿಲ ಬಿಟ್ಟು ಬಂದ ವೇಗವನ್ನೇ ಬಳಸಿ. ಆಮೇಲೂ ಹೊರಗೆ ಹೋದರೆ ಇನ್ನಷ್ಟು ಬಗ್ಗಿಸಿ, ನೆಟ್‌ಗೆ ಬಿದ್ದರೆ ಚೂರು ತೆರೆಯಿರಿ. ಸ್ಪಿನ್ ಎಷ್ಟಿದೆ ಎಂದು ತಿಳಿಯಲು ಚೆಂಡಿನ ಮೇಲಿನ ಅಚ್ಚು ನೋಡಿ: ಅಕ್ಷರ ಕಂಡರೆ ಕಡಿಮೆ, ಮಸುಕು ಗೆರೆಯಾಗಿ ಕಂಡರೆ ಜೋರು.

ಒಂದು ಅನುಮಾನ ಮಾತ್ರ ಇದೆ. ನೀವು ಉಡುಪಿಯಲ್ಲಿ, ಈ ಮಳೆಗಾಲದಲ್ಲಿ, ಕಿಟಕಿ ತೆರೆದ ಹಾಲ್‌ನಲ್ಲಿ ಆಡುತ್ತಿದ್ದೀರಿ. ನಮ್ಮ ಕರಾವಳಿಯ ಥಂಡಿಗೆ ರಬ್ಬರ್ ತೇವ ಹಿಡಿಯುತ್ತದೆ, ಚೆಂಡು ಕಚ್ಚದೆ ಜಾರುತ್ತದೆ. ಆಗ ಒಂದು ನೆಟ್‌ಗೆ, ಒಂದು ಹೊರಗೆ, ಲೆಕ್ಕವೇ ಸಿಗುವುದಿಲ್ಲ. ನಿಮಗೂ ಹಾಗೆ ಆಗುತ್ತಿದ್ದರೆ ಕೋನ ಬದಲಿಸುವ ಮೊದಲು ರಬ್ಬರ್, ಚೆಂಡು ಎರಡನ್ನೂ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಆಡಿ ನೋಡಿ. ಬ್ಯಾಟನ್ನು ಒದ್ದೆ ಟವೆಲ್ ಜೊತೆ ಬ್ಯಾಗಿಗೆ ತುರುಕಬೇಡಿ.